ಪಿಟಿಒ ಶಾಫ್ಟ್: ಬಳಕೆ, ಅಪಾಯ, ಬದಲಾವಣೆ

ಟ್ರ್ಯಾಕ್ಟರಿನ ಎಂಜಿನ್ ಶಕ್ತಿಯನ್ನು ಹಿಂದೆ ಜೋಡಿಸಿದ ಯಂತ್ರಕ್ಕೆ ಸುತ್ತುವ ಚಲನೆಯಾಗಿಯೇ ದಾಟಿಸುವ ಉಕ್ಕಿನ ದಂಡವೇ ಪಿಟಿಒ (ಪವರ್ ಟೇಕ್-ಆಫ್) ಶಾಫ್ಟ್. ಗ್ಯಾರೇಜಿನವರ ಬಾಯಲ್ಲಿ ಇದು ಜಾಯಿಂಟ್ ಶಾಫ್ಟ್. ಪುಸ್ತಕಗಳಲ್ಲಿ ಕಾರ್ಡನ್ ಶಾಫ್ಟ್. ನೇಗಿಲು, ಕಲ್ಟಿವೇಟರ್, ಟ್ರೈಲರ್‌ಗಳಿಗೆ ಟ್ರ್ಯಾಕ್ಟರ್ ಎಳೆದರೆ ಸಾಕು, ಶಾಫ್ಟಿನ ಹಂಗಿಲ್ಲ. ರೋಟವೇಟರ್, ಒಕ್ಕಣೆ ಯಂತ್ರ, ಹುಲ್ಲು ಕಟ್ಟುವ ಬೇಲರ್, ಕಬ್ಬಿನ ರವದಿ ಪುಡಿ ಮಾಡುವ ಯಂತ್ರ, ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಬ್ಲೋವರ್, ಗುಂಡಿ ತೋಡುವ ಯಂತ್ರ ಇವೆಲ್ಲಕ್ಕೂ ಅದೇ ಜೀವ.

ಟ್ರ್ಯಾಕ್ಟರಿನಲ್ಲಿ ತಿರುಗುವ ಭಾಗಗಳು ಬೇಕಾದಷ್ಟಿವೆ. ಗೇರು, ಕ್ಲಚ್ಚು, ಆಕ್ಸೆಲ್ ಎಲ್ಲವೂ ಎರಕದ ಪೆಟ್ಟಿಗೆಗಳೊಳಗೆ, ಕಣ್ಣಿಗೆ ಬೀಳದೆ ತಿರುಗುತ್ತವೆ. ಎಂಜಿನ್ನಿನ ಪೂರ್ಣ ಬಲ ಬಯಲಿಗೆ ಬಂದು, ಮೊಣಕಾಲಿಗೂ ಸೊಂಟಕ್ಕೂ ನಡುವಿನ ಎತ್ತರದಲ್ಲಿ, ಜನ ಓಡಾಡುವ ಜಾಗದಲ್ಲೇ ತಿರುಗುವುದು ಇದೊಂದು ಕಡೆ ಮಾತ್ರ. ಅದರ ಮೇಲಿನ ಪ್ಲಾಸ್ಟಿಕ್ ಕೊಳವೆಯ ಕವರ್ ಸಾಮಾನ್ಯವಾಗಿ ಮೊದಲ ಎರಡು ಹಂಗಾಮಿನಲ್ಲೇ ಒಡೆದು ಹೋಗುತ್ತದೆ, ಮತ್ತೆ ಯಾರೂ ಹಾಕಿಸುವುದಿಲ್ಲ. ಶಾಫ್ಟ್ ಬದಲಿಸುವುದು ಎಂದರೆ ಕವರ್ ಸಮೇತ ಬದಲಿಸುವುದು ಎಂಬ ತಿಳಿವಳಿಕೆಯಿಂದಲೇ ಈ ಲೇಖನವನ್ನು ಓದಬೇಕು.

ಬಂದ ದಾರಿ

ಶಾಫ್ಟ್ ಬರುವ ಮುಂಚೆ ಕೊಯ್ಲು ಯಂತ್ರಗಳು ತಮ್ಮ ಗಾಲಿಯಿಂದಲೇ ಶಕ್ತಿ ಪಡೆಯುತ್ತಿದ್ದವು. ಕುದುರೆ ಎಳೆದಂತೆ ದೊಡ್ಡ ಕಬ್ಬಿಣದ ಗಾಲಿ ಉರುಳಿ, ಅದರಿಂದ ಸರಪಳಿ ಮೂಲಕ ಕತ್ತಿ, ಗಂಟುಕಟ್ಟುವ ಭಾಗ ಎಲ್ಲ ನಡೆಯುತ್ತಿತ್ತು. ನೆಲ ಹಸಿಯಿದ್ದರೆ ಗಾಲಿ ಜಾರಿ ಇಡೀ ಯಂತ್ರ ನಿಂತುಬಿಡುತ್ತಿತ್ತು. ನಿಂತಲ್ಲೇ ಒಕ್ಕುವ ಯಂತ್ರಗಳಿಗೆ ಎಂಜಿನ್ನಿನ ಪುಲ್ಲಿಯಿಂದ ಉದ್ದನೆಯ ಚಪ್ಪಟೆ ಬೆಲ್ಟು ಹಾಕುತ್ತಿದ್ದರು. ಅದನ್ನು ಹೊಲದಲ್ಲಿ ನಡೆಯುವ ಯಂತ್ರಕ್ಕೆ ಹಾಕುವುದು ಸಾಧ್ಯವಿರಲಿಲ್ಲ.

1906ರ ಸುಮಾರಿಗೆ ಫ್ರಾನ್ಸಿನ ಆಲ್ಬರ್ಟ್ ಗೂಜಿ ಎಂಬಾತ ತನ್ನ ಟ್ರ್ಯಾಕ್ಟರಿನ ಎಂಜಿನ್ನಿನಿಂದ ಒಂದು ದಂಡವನ್ನು ಹೊರತೆಗೆದು ಹಿಂದಿನ ಕಟಾವು ಯಂತ್ರಕ್ಕೆ ನೇರವಾಗಿ ಜೋಡಿಸಿದ. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಎಂಜಿನಿಯರ್ ಎಡ್ವರ್ಡ್ ಜಾನ್‌ಸ್ಟನ್ ಅದನ್ನು ಕಂಡು ಮನಸ್ಸಿನಲ್ಲಿಟ್ಟುಕೊಂಡ. ಆ ಕಂಪನಿ 1918ರಲ್ಲಿ ತನ್ನ 8-16 ಮಾದರಿಯ ಟ್ರ್ಯಾಕ್ಟರಿನಲ್ಲಿ ಪಿಟಿಒ ಕೊಟ್ಟಿತು. ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಪಿಟಿಒ ಅದೇ. ಆಗ ಒಂದೊಂದು ಕಂಪನಿಯದು ಒಂದೊಂದು ವೇಗ, ಒಂದೊಂದು ಅಳತೆ. ಒಬ್ಬರ ಯಂತ್ರ ಇನ್ನೊಬ್ಬರ ಟ್ರ್ಯಾಕ್ಟರಿಗೆ ಕೂಡುತ್ತಿರಲಿಲ್ಲ. 1927ರಲ್ಲಿ ಅಮೆರಿಕದ ಕೃಷಿ ಎಂಜಿನಿಯರುಗಳ ಸಂಘ ಒಂದು ಮಾನಕ ಗೊತ್ತುಮಾಡಿತು: ನಿಮಿಷಕ್ಕೆ 536 ಸುತ್ತು, ಹೆಚ್ಚುಕಡಿಮೆ 10. ಅದೇ ಮುಂದೆ 540 ಆಯಿತು. ಹೆಚ್ಚು ಶಕ್ತಿಯ ಟ್ರ್ಯಾಕ್ಟರುಗಳಿಗಾಗಿ 1958ರಲ್ಲಿ 1000 ಸುತ್ತಿನ ಮಾನಕವೂ ಸೇರಿತು.

ಇನ್ನೊಂದು ತೊಡಕು ಉಳಿದಿತ್ತು. ಮೊದಲ ತಲೆಮಾರಿನ ಪಿಟಿಒಗಳಲ್ಲಿ ಕ್ಲಚ್ ತುಳಿದರೆ ಗಾಡಿಯೂ ನಿಲ್ಲುತ್ತಿತ್ತು, ಹಿಂದಿನ ಯಂತ್ರವೂ ನಿಲ್ಲುತ್ತಿತ್ತು. ಬೆಳೆ ದಟ್ಟವಾಗಿದ್ದೆಡೆ ಗಾಡಿ ನಿಲ್ಲಿಸಿ, ಯಂತ್ರ ಮಾತ್ರ ತಿರುಗಿಸಿ ಸಿಕ್ಕಿಕೊಂಡ ಹುಲ್ಲು ಬಿಡಿಸಿಕೊಳ್ಳುವ ಉಪಾಯವೇ ಇರಲಿಲ್ಲ. 1940ರ ದಶಕದ ಕೊನೆಗೆ ಕೆನಡಾದ ಕಾಕ್‌ಶಟ್ 30 ಮಾದರಿ ಇದಕ್ಕೆ ಪ್ರತ್ಯೇಕ ಕ್ಲಚ್ ಕೊಟ್ಟು ದಾರಿ ತೋರಿಸಿತು. ಇಂದು ನಮ್ಮ ಶೋರೂಮುಗಳಲ್ಲಿ ಕೇಳಿಬರುವ ‘ಸಿಂಗಲ್ ಕ್ಲಚ್ಚಾ, ಡಬಲ್ ಕ್ಲಚ್ಚಾ, ಐಪಿಟಿಒನಾ’ (ಐಪಿಟಿಒ ಎಂದರೆ ಸ್ವತಂತ್ರ ಪಿಟಿಒ) ಎಂಬ ಪ್ರಶ್ನೆಯ ಬೇರು ಇಲ್ಲಿದೆ.

ರಚನೆ ಮತ್ತು ಅದರ ಲೆಕ್ಕ

ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಹೊರಚಾಚಿರುವ ಹಲ್ಲುಗಳ ಮೂತಿಯಿಂದ ಶುರು. ಅದರ ಅಳತೆ ಜಗತ್ತಿನಾದ್ಯಂತ ಒಂದೇ. ಮೊದಲನೆಯ ಬಗೆಯದು 35 ಮಿ.ಮೀ. ವ್ಯಾಸ, 6 ಹಲ್ಲು, 540 ಸುತ್ತು. ಎರಡನೆಯದು ಅಷ್ಟೇ ದಪ್ಪ, ಆದರೆ 21 ಸಣ್ಣ ಹಲ್ಲು, 1000 ಸುತ್ತು. ಮೂರನೆಯದು 45 ಮಿ.ಮೀ., 20 ಹಲ್ಲು, 1000 ಸುತ್ತು. ಹಲ್ಲಿನ ಎಣಿಕೆ ಬೇರೆ ಇಟ್ಟದ್ದು ಬೇಕೆಂದೇ: 540ರ ಯಂತ್ರವನ್ನು ಮರೆತು 1000ಕ್ಕೆ ಸಿಕ್ಕಿಸಿದರೆ ಅದು ಪುಡಿಯಾದೀತು. ಅಡಾಪ್ಟರ್ ಹಾಕಿ ಈ ತಡೆಯನ್ನು ದಾಟುವವರು ತಡೆಯ ಅರ್ಥವನ್ನೇ ಕಿತ್ತು ಹಾಕಿದಂತೆ. ಕರ್ನಾಟಕದ ಹೊಲಗಳಲ್ಲಿ ಕಾಣುವ 35ರಿಂದ 50 ಅಶ್ವಶಕ್ತಿಯ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಆರು ಹಲ್ಲಿನದೇ ಇರುತ್ತದೆ. ಹಿಂದೆ ನಿಂತು ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಕೆಲವು ಮಾದರಿಗಳಲ್ಲಿ ಸಿಕ್ಕಿಬಿದ್ದ ಯಂತ್ರ ಬಿಡಿಸಲೆಂದು ಹಿಮ್ಮುಖ ಪಿಟಿಒ ಕೂಡ ಉಂಟು.

ಶಾಫ್ಟಿನ ಎರಡೂ ತುದಿಗೆ ಕವೆಯಾಕಾರದ ಯೋಕ್‌ಗಳ ಜೋಡಿ, ಅವುಗಳ ನಡುವೆ ಕೂಡಿಸುವ ಪ್ಲಸ್ ಆಕಾರದ ಕ್ರಾಸ್. ಕ್ರಾಸಿನ ನಾಲ್ಕು ತುದಿಗೆ ನಾಲ್ಕು ಕಪ್, ಕಪ್ಪಿನೊಳಗೆ ಸೂಜಿಯಂಥ ಬೇರಿಂಗುಗಳ ಸಾಲು. ಮಧ್ಯದಲ್ಲಿ ಒಂದರೊಳಗೊಂದು ಜಾರುವ ಎರಡು ಪೈಪು. ಅಡ್ಡ ಕತ್ತರಿಸಿ ನೋಡಿದರೆ ಅವು ದುಂಡಗಿರುವುದಿಲ್ಲ. ಮೂರು ಮೂಲೆಯದೋ, ನಿಂಬೆಹಣ್ಣಿನ ಸೀಳಿನಂಥದೋ, ಚೌಕವೋ ಆಗಿರುತ್ತದೆ. ದುಂಡಗಿದ್ದರೆ ಒಂದರೊಳಗೊಂದು ಸುಮ್ಮನೆ ತಿರುಗಿಬಿಡುತ್ತಿದ್ದವು. ಯಂತ್ರವನ್ನು ಎತ್ತಿದಾಗ, ಇಳಿಸಿದಾಗ, ತಿರುವಿನಲ್ಲಿ ಹೊರಳಿದಾಗ ಟ್ರ್ಯಾಕ್ಟರಿಗೂ ಯಂತ್ರಕ್ಕೂ ನಡುವಿನ ಅಂತರ ಬದಲಾಗುತ್ತಿರುತ್ತದೆ; ಪೈಪುಗಳು ಜಾರುವುದು ಅದಕ್ಕಾಗಿ.

ಈ ಕ್ರಾಸ್ ಕೀಲಿನ ಜೊತೆಗೆ ಇಟಲಿಯ ಕಾರ್ಡಾನೊ, ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಅಂಟಿಕೊಂಡಿದೆ. ಅದಕ್ಕೊಂದು ಹುಟ್ಟುಗುಣವಿದೆ. ನೇರವಾಗಿದ್ದಾಗ ಎಷ್ಟು ಸುತ್ತು ಒಳಗೆ ಹೋಗುತ್ತದೋ ಅಷ್ಟೇ ಹೊರಗೆ ಬರುತ್ತದೆ. ಬಾಗಿದಾಗ ಹೊರತುದಿ ಒಂದೇ ಸುತ್ತಿನಲ್ಲಿ ಎರಡು ಸಲ ಚುರುಕಾಗಿ ಎರಡು ಸಲ ನಿಧಾನವಾಗುತ್ತದೆ. ಕೀಲು 30 ಡಿಗ್ರಿ ಬಾಗಿದ್ದರೆ 540 ಎಂದುಕೊಂಡ ವೇಗ ಪ್ರತಿ ಸುತ್ತಿನಲ್ಲೂ 468ಕ್ಕೆ ಇಳಿದು 624ಕ್ಕೆ ಏರುತ್ತಿರುತ್ತದೆ. ಇನ್ನೊಂದು ತುದಿಯಲ್ಲೂ ಅಷ್ಟೇ ಬಾಗಿದ ಎರಡನೆಯ ಕೀಲು ಇದ್ದು, ಮಧ್ಯದ ಪೈಪುಗಳಿಗೆ ಬೆಸೆದ ಎರಡು ಯೋಕ್‌ಗಳ ಕಿವಿಗಳು ಒಂದೇ ಸಮತಲದಲ್ಲಿದ್ದರೆ ಮೊದಲ ಕೀಲಿನ ಏರಿಳಿತವನ್ನು ಎರಡನೆಯದು ಅಳಿಸಿ ಹಾಕುತ್ತದೆ. ಯಂತ್ರಕ್ಕೆ ಸಮನಾದ 540 ಸಿಗುತ್ತದೆ. ಶಾಫ್ಟ್ ಬಿಚ್ಚಿ ಮತ್ತೆ ಸೇರಿಸುವಾಗ ಕಿವಿಗಳನ್ನು ಒಂದಕ್ಕೊಂದು ಅಡ್ಡಲಾಗಿ, 90 ಡಿಗ್ರಿ ತಪ್ಪಿಸಿ ಕೂರಿಸಿದರೆ ಏರಿಳಿತ ಅಳಿಯುವ ಬದಲು ಗುಣಿಸಿಕೊಳ್ಳುತ್ತದೆ: ಅದೇ 30 ಡಿಗ್ರಿಗೆ 405ರಿಂದ 720ರವರೆಗೆ ಓಲಾಟ. ‘ಹೊಸ ಶಾಫ್ಟ್ ಹಾಕಿದ್ರೂ ಗಡಗಡ ಅನ್ನುತ್ತೆ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಈ ಕಿವಿಗಳನ್ನು. ಚೌಕ ಪೈಪಿನಲ್ಲಿ ಈ ತಪ್ಪು ಸುಲಭ, ನಾಲ್ಕು ಬಗೆಯಲ್ಲೂ ಅದು ಕೂಡುತ್ತದೆ.

ಅತಿಭಾರ ಬಿದ್ದಾಗ ಕೈಕೊಡಲೆಂದೇ ಒಂದು ದುರ್ಬಲ ಕೊಂಡಿಯನ್ನು ಇಟ್ಟಿರುತ್ತಾರೆ. ನಮ್ಮ ರೋಟವೇಟರುಗಳಲ್ಲಿ ಹೆಚ್ಚಾಗಿ ಅದು ಶಿಯರ್ ಬೋಲ್ಟ್. ಕಲ್ಲು ಸಿಕ್ಕಿದರೆ ಅದು ಕತ್ತರಿಸಿಕೊಂಡು ಗೇರ್‌ಬಾಕ್ಸನ್ನು ಉಳಿಸುತ್ತದೆ. ಬೇರೆ ಯಂತ್ರಗಳಲ್ಲಿ ಜಾರುವ ಕ್ಲಚ್, ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುತ್ತವೆ. ಇವು ಯಾವಾಗಲೂ ಯಂತ್ರದ ಕಡೆಯ ತುದಿಯಲ್ಲಿರಬೇಕು, ಟ್ರ್ಯಾಕ್ಟರ್ ಕಡೆಗಲ್ಲ.

ಇನ್ನು ಕವರ್. ಪೂರ್ತಿ ಶಾಫ್ಟನ್ನು ಹೊದಿಸುವ ಎರಡು ಪ್ಲಾಸ್ಟಿಕ್ ಕೊಳವೆ, ಎರಡೂ ತುದಿಗೆ ಕೀಲು ಮುಚ್ಚುವ ಗಂಟೆಯಾಕಾರದ ಬಾಯಿ. ಇದು ಯೋಕ್ ಬಳಿಯ ಕಾಲುವೆಯಲ್ಲಿ ಕುಳಿತ ನೈಲಾನ್ ಬಳೆಯ ಮೇಲೆ ನಿಂತಿರುತ್ತದೆ. ಒಳಗೆ ಶಾಫ್ಟ್ ತಿರುಗಿದರೂ ಹೊರಗೆ ಇದು ತಿರುಗಬಾರದು. ತಿರುಗದಂತೆ ಹಿಡಿಯಲು ಎರಡೂ ಕಡೆ ಸಣ್ಣ ಸರಪಳಿ. ಟ್ರ್ಯಾಕ್ಟರಿನ ಮೂತಿಯ ಮೇಲೆ ಕಬ್ಬಿಣದ ಛಾವಣಿಯೊಂದು ಬೇರೆ.

ಅಪಾಯದ ವೇಗ

ನಿಮಿಷಕ್ಕೆ 540 ಎಂದರೆ ಸೆಕೆಂಡಿಗೆ 9 ಸುತ್ತು. ಯೋಕ್ ಬಳಿ ಶಾಫ್ಟಿನ ದಪ್ಪ ಸುಮಾರು 10 ಸೆಂ.ಮೀ. ಎಂದಿಟ್ಟುಕೊಂಡರೆ ಒಂದು ಸುತ್ತಿಗೆ 31 ಸೆಂ.ಮೀ. ಬಟ್ಟೆ ಸುತ್ತಿಕೊಳ್ಳುತ್ತದೆ, ಒಂದು ಸೆಕೆಂಡಿಗೆ 2.8 ಮೀಟರ್. ಐದೂವರೆ ಮೀಟರಿನ ಒಂದು ಪೂರ್ತಿ ಸೀರೆಗೆ ಎರಡು ಸೆಕೆಂಡು ಸಾಕು. ಸೆರಗಿನ ತುದಿ ಸಿಕ್ಕಿತೆಂದು ತಿಳಿದು, ಕೈ ಚಾಚಿ, ಎಳೆದುಕೊಳ್ಳಬೇಕೆಂದು ಮನಸ್ಸು ನಿರ್ಧರಿಸುವಷ್ಟರಲ್ಲಿ ಆರೇಳು ಸುತ್ತು ಮುಗಿದಿರುತ್ತದೆ.

ಎಳೆದು ಬಿಡಿಸಿಕೊಳ್ಳುತ್ತೇನೆ ಎಂಬ ಮಾತಿಗೆ ಇನ್ನೊಂದು ಲೆಕ್ಕ. ಮೂತಿಯಲ್ಲಿ 40 ಅಶ್ವಶಕ್ತಿ ಸಿಗುತ್ತಿದ್ದರೆ 540 ಸುತ್ತಿನಲ್ಲಿ ತಿರುಚುಬಲ ಸುಮಾರು 525 ನ್ಯೂಟನ್ ಮೀಟರ್. ಶಾಫ್ಟಿನ ಅಂಚಿನಲ್ಲಿ ಅದು ಒಂದು ಟನ್ನಿಗೂ ಮೀರಿದ ಎಳೆತ. ಮನುಷ್ಯ ಸಿಕ್ಕಿಕೊಂಡದ್ದು ಎಂಜಿನ್ನಿಗೆ ತಿಳಿಯುವುದೇ ಇಲ್ಲ, ಸದ್ದು ಕೂಡ ಬದಲಾಗುವುದಿಲ್ಲ.

ನುಣುಪಾದ ದಂಡ ಬಟ್ಟೆಯನ್ನು ಹೇಗೆ ಹಿಡಿಯುತ್ತದೆ ಎಂದು ಕೇಳುವವರಿದ್ದಾರೆ. ಹೊಲದಲ್ಲಿ ನುಣುಪಾದ ದಂಡ ಎಂಬುದೇ ಇಲ್ಲ. ತುಕ್ಕು, ಒಣಗಿದ ಕೆಸರು, ಗ್ರೀಸಿಗೆ ಮೆತ್ತಿದ ಹೊಟ್ಟು, ಹೊರಚಾಚಿದ ಗ್ರೀಸ್ ನಿಪ್ಪಲ್ ಯಾವುದಾದರೂ ಸಾಕು ಮೊದಲ ಸುತ್ತು ಹಿಡಿಯಲು; ಎರಡನೆಯ ಸುತ್ತು ಮೊದಲನೆಯದನ್ನು ಅದುಮಿ ಹಿಡಿಯುತ್ತದೆ. ಇವುಗಳಲ್ಲೆಲ್ಲ ಕೆಟ್ಟದ್ದು ನಮ್ಮದೇ ಕೈಕೆಲಸ. ಯೋಕನ್ನು ಮೂತಿಗೆ ಹಿಡಿಸುವ ಒತ್ತುವ ಪಿನ್ನು ಕಳೆದಾಗ ಅದರ ಜಾಗಕ್ಕೆ ಕೈಗೆ ಸಿಕ್ಕ ಉದ್ದನೆಯ ಬೋಲ್ಟು ತೂರಿಸಿ ನಟ್ಟು ಬಿಗಿಯುತ್ತಾರೆ. ಎರಡು ಇಂಚು ಹೊರಗೆ ನಿಂತ ಆ ಬೋಲ್ಟು ಸೆಕೆಂಡಿಗೆ ಒಂಬತ್ತು ಸಲ ಸುತ್ತುವ ಕೊಕ್ಕೆ. ತಿರುಗುವಾಗ ಅದು ಕಣ್ಣಿಗೂ ಕಾಣುವುದಿಲ್ಲ.

ಅಮೆರಿಕದ ಉತ್ತರ ಡಕೋಟಾದಲ್ಲಿ 1992ರ ಜನವರಿ 11ರಂದು ನಡೆದ ಒಂದು ಘಟನೆ ಜಗತ್ತಿಗೇ ಸುದ್ದಿಯಾಯಿತು. ಜಾನ್ ಥಾಂಪ್ಸನ್ ಎಂಬ ಹದಿನೆಂಟರ ಹುಡುಗ ಮನೆಯಲ್ಲಿ ಒಬ್ಬನೇ ಇದ್ದಾಗ ಕಾಳು ಸಾಗಿಸುವ ಯಂತ್ರ ನಡೆಸುತ್ತಿದ್ದ. ತಿರುಗುವ ಶಾಫ್ಟ್ ಅವನ ಅಂಗಿ ಹಿಡಿಯಿತು; ಎರಡೂ ತೋಳು ಹರಿದುಹೋದವು. ಆತ ಎದ್ದು ಮನೆವರೆಗೆ ನಡೆದು, ಬಾಯಿಂದ ಬಾಗಿಲು ತೆಗೆದು, ಹಲ್ಲಲ್ಲಿ ಕಚ್ಚಿಕೊಂಡ ಪೆನ್ನಿನಿಂದ ಫೋನಿನ ಅಂಕಿಗಳನ್ನು ಒತ್ತಿ ನೆರವು ಕರೆದ. ರಕ್ತ ತಾಯಿಯ ಜಮಖಾನದ ಮೇಲೆ ಸುರಿಯದಿರಲಿ ಎಂದು ಬಚ್ಚಲ ತೊಟ್ಟಿಯಲ್ಲಿ ಕುಳಿತು ಕಾದ. ಮಿನೆಸೋಟದ ವೈದ್ಯರು ಎರಡೂ ತೋಳುಗಳನ್ನು ಮರಳಿ ಜೋಡಿಸಿದರು. ಇದು ಬದುಕುಳಿದವನ ಕಥೆಯಾದ್ದರಿಂದ ನಮಗೆ ಗೊತ್ತು. ಅಂಗಿ ಹರಿದು ಹೋಗದೆ ಗಟ್ಟಿಯಾಗಿದ್ದವರ ಕಥೆ ಹೇಳಲು ಅವರು ಉಳಿದಿರುವುದಿಲ್ಲ.

ನಮ್ಮಲ್ಲಿ ಅಪಾಯ ಹೆಚ್ಚುವುದು ಒಕ್ಕಣೆಯಲ್ಲಿ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ, ಕಲಬುರಗಿ ಕಡೆ ತೊಗರಿ, ಹಳೇ ಮೈಸೂರಿನಲ್ಲಿ ರಾಗಿ. ಬೆಳೆ ಯಾವುದಾದರೂ ಚಿತ್ರ ಅದೇ. ಉಳುವಾಗ ಶಾಫ್ಟಿನ ಬಳಿ ಯಾರೂ ಇರುವುದಿಲ್ಲ, ಚಾಲಕ ಸೀಟಿನ ಮೇಲಿರುತ್ತಾನೆ. ಒಕ್ಕುವಾಗ ಟ್ರ್ಯಾಕ್ಟರ್ ನಿಂತಿರುತ್ತದೆ, ಚಾಲಕ ಇಳಿದು ಬೀಡಿ ಹಚ್ಚಲು ಹೋಗಿರುತ್ತಾನೆ, ಏಳೆಂಟು ಜನ ಆಚೀಚೆ ಓಡಾಡುತ್ತಿರುತ್ತಾರೆ. ಬಾಡಿಗೆ ಗಂಟೆಯ ಲೆಕ್ಕವಾದ್ದರಿಂದ ಯಾರಿಗೂ ಪುರುಸೊತ್ತಿಲ್ಲ. ಹೊಟ್ಟಿನ ದೂಳು, ಕಿವಿ ಕಿವುಡಾಗುವ ಸದ್ದು, ಕತ್ತಲಾದರೆ ಒಂದೇ ಬಲ್ಬು. ಟ್ರ್ಯಾಕ್ಟರಿಗೂ ಯಂತ್ರಕ್ಕೂ ನಡುವಿನ ನಾಲ್ಕಡಿ ಸಂದು ಆಚೆ ಬದಿಗೆ ಹೋಗಲು ಹತ್ತಿರದ ದಾರಿಯಂತೆ ಕಾಣುತ್ತದೆ. ಹೆಗಲ ಮೇಲೆ ಟವೆಲ್, ಎತ್ತಿ ಕಟ್ಟದ ಲುಂಗಿ, ಇಳಿಬಿಟ್ಟ ಜಡೆ, ಗಾಳಿಗೆ ಹಾರುವ ವೇಲು.

ಯಾರಾದರೂ ಸಿಕ್ಕಿಕೊಂಡರೆ ಮೊದಲು ಎಂಜಿನ್ ನಿಲ್ಲಿಸಬೇಕು; ಅದಕ್ಕೆ ಕಣದಲ್ಲಿರುವ ಪ್ರತಿಯೊಬ್ಬರಿಗೂ ಎಂಜಿನ್ ಆಫ್ ಮಾಡುವುದು ಎಲ್ಲಿ, ಹೇಗೆ ಎಂದು ಕೆಲಸಕ್ಕೆ ಮುಂಚೆಯೇ ತೋರಿಸಿರಬೇಕು. ಶಾಫ್ಟನ್ನು ಎಂಜಿನ್ನಿನಿಂದ ಹಿಂದಕ್ಕೆ ತಿರುಗಿಸಿ ಬಿಡಿಸಲು ಹೋಗಬಾರದು, ಬಟ್ಟೆ ಕತ್ತರಿಸಬೇಕು. ರಕ್ತ ಚಿಮ್ಮುವಲ್ಲಿ ಶುಭ್ರ ಬಟ್ಟೆಯಿಟ್ಟು ಒತ್ತಿ ಹಿಡಿದು 108ಕ್ಕೆ ಕರೆಮಾಡಬೇಕು. ಬೆರಳೋ ಕೈಯೋ ತುಂಡಾಗಿದ್ದರೆ ಅದನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಜೊತೆಗೇ ಕಳಿಸಬೇಕು. ಮಂಜುಗಡ್ಡೆ ನೇರವಾಗಿ ಅಂಗಕ್ಕೆ ತಗುಲಿದರೆ ಜೋಡಿಸಲು ಬಾರದಂತಾಗುತ್ತದೆ.

ನಡೆಸುವ ಕ್ರಮ

ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳದೆ ಶಾಫ್ಟನ್ನು ಮುಟ್ಟಬಾರದು. ಉಳಿದ ನಿಯಮಗಳೆಲ್ಲ ಇದರ ವಿಸ್ತರಣೆ. ಪಿಟಿಒ ಲಿವರ್ ನ್ಯೂಟ್ರಲಿಗೆ ತಂದ ಕೂಡಲೇ ಶಾಫ್ಟ್ ನಿಲ್ಲುವುದಿಲ್ಲ. ಭಾರವಾದ ಡ್ರಮ್ಮು, ಫ್ಯಾನು ತಮ್ಮ ವೇಗದಲ್ಲೇ ಇನ್ನಷ್ಟು ಹೊತ್ತು ಅದನ್ನು ತಿರುಗಿಸುತ್ತಿರುತ್ತವೆ. ಪೂರ್ತಿ ನಿಂತದ್ದನ್ನು ಕಣ್ಣಲ್ಲಿ ನೋಡಿಯೇ ಹತ್ತಿರ ಹೋಗಬೇಕು. ತಿರುಗುತ್ತಿರುವ ಶಾಫ್ಟನ್ನು ದಾಟುವುದು, ಅದರ ಕೆಳಗೆ ನುಸುಳುವುದು ಎರಡೂ ಬೇಡ. ಟ್ರ್ಯಾಕ್ಟರಿನ ಮುಂಭಾಗ ಸುತ್ತಿ ಹೋದರೆ ಇಪ್ಪತ್ತು ಹೆಜ್ಜೆ ಹೆಚ್ಚಾದೀತು, ಅಷ್ಟೆ.

ಬೆಳಿಗ್ಗೆ ಎಂಜಿನ್ ಹಚ್ಚುವ ಮೊದಲು ಕವರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗಿದರೆ ಸರಿ. ಬಿಗಿಯಾಗಿ ಹಿಡಿದಿದ್ದರೆ ಒಳಗಿನ ಬಳೆ ಸವೆದು ಕವರ್ ಶಾಫ್ಟಿಗೆ ಅಂಟಿದೆ ಎಂದರ್ಥ. ಅಂಥ ಕವರ್ ಶಾಫ್ಟಿನ ಜೊತೆಗೇ ತಿರುಗುತ್ತದೆ, ಮುಚ್ಚಿದೆ ಎಂಬ ಧೈರ್ಯವನ್ನೂ ಕೊಡುತ್ತದೆ.

ಎಂಜಿನನ್ನು ಕಡಿಮೆ ವೇಗದಲ್ಲಿಟ್ಟು ಪಿಟಿಒ ಹಾಕಿ, ಆಮೇಲೆ ನಿಧಾನವಾಗಿ ಮೀಟರಿನಲ್ಲಿ 540ರ ಗುರುತಿರುವ ಕಡೆಗೆ ಏರಿಸಬೇಕು. ಎಂಜಿನ್ ಎಷ್ಟು ಸುತ್ತಿಗೆ ಬಂದಾಗ ಶಾಫ್ಟ್ 540 ಆಗುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಕಡಿಮೆ ಎಂಜಿನ್ ವೇಗದಲ್ಲೇ 540 ಕೊಡುವ ಎಕಾನಮಿ ಗೇರು ಹಗುರ ಕೆಲಸಕ್ಕೆ ಡೀಸೆಲ್ ಉಳಿಸುತ್ತದೆ. ರೋಟವೇಟರಿನಂಥ ಭಾರಿ ಕೆಲಸಕ್ಕೆ ಅದನ್ನು ಹಾಕಿದರೆ ಎಂಜಿನ್ ಒದ್ದಾಡುತ್ತದೆ. ಡಬಲ್ ಕ್ಲಚ್ ಗಾಡಿಯಲ್ಲಿ ಪೆಡಲ್ ಅರ್ಧ ತುಳಿದರೆ ಗಾಡಿ ನಿಲ್ಲುತ್ತದೆ, ಪೂರ್ತಿ ತುಳಿದರೆ ಪಿಟಿಒ ಕೂಡ. ಐಪಿಟಿಒ ಇದ್ದರೆ ಪ್ರತ್ಯೇಕ ಲಿವರ್. ಸಿಂಗಲ್ ಕ್ಲಚ್ಚಿನವರು ಒಂದು ಮಾತು ನೆನಪಿಡಬೇಕು: ಕ್ಲಚ್ ತುಳಿದರೂ ಹಿಂದಿನ ಯಂತ್ರದ ಭಾರಿ ಚಕ್ರ ತನ್ನ ವೇಗದಿಂದ ಗೇರ್‌ಬಾಕ್ಸನ್ನು ಹಿಂದಿನಿಂದ ನೂಕಿ ಗಾಡಿಯನ್ನು ಮುಂದಕ್ಕೆ ತಳ್ಳಬಹುದು. ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುವುದು ಇದನ್ನು ತಪ್ಪಿಸಲು.

ಬದುವಿನ ಬಳಿ ತಿರುಗುವಾಗ ರೋಟವೇಟರನ್ನು ಪೂರ್ತಿ ಎತ್ತಿ ಶಾಫ್ಟನ್ನು ತಿರುಗಲು ಬಿಟ್ಟರೆ ಕೀಲುಗಳು ಕಟಕಟ ಎನ್ನುತ್ತವೆ. ಆ ಸದ್ದು ಮೇಲೆ ಹೇಳಿದ 468 ಮತ್ತು 624ರ ನಡುವಿನ ಜಗ್ಗಾಟ. ಎತ್ತುವ ಮೊದಲು ಪಿಟಿಒ ಬಿಡಿಸುವುದು ಒಳ್ಳೆಯದು, ಆಗದಿದ್ದರೆ ನೆಲ ಬಿಡುವಷ್ಟು ಮಾತ್ರ ಎತ್ತಬೇಕು. ಎಳೆದೊಯ್ಯುವ ಯಂತ್ರವಾದರೆ ಮೂತಿಯ ತುದಿಗೂ ಡ್ರಾಬಾರ್ ಪಿನ್ನಿನ ತೂತಿಗೂ 540ಕ್ಕೆ ಸುಮಾರು 36 ಸೆಂ.ಮೀ., 21 ಹಲ್ಲಿನ 1000ಕ್ಕೆ ಸುಮಾರು 41 ಸೆಂ.ಮೀ. ಅಂತರವಿರಬೇಕೆಂಬುದು ಮಾನಕ, ಹಾಗಿದ್ದರೆ ತಿರುವಿನಲ್ಲಿ ಎರಡೂ ಕೀಲು ಹೆಚ್ಚುಕಡಿಮೆ ಸಮನಾಗಿ ಬಾಗುತ್ತವೆ.

ನೆಲದಲ್ಲಿ ನಿಂತು, ಸೆಲ್ಫ್ ಮೋಟರಿಗೆ ಸ್ಕ್ರೂಡ್ರೈವರ್ ತಾಗಿಸಿ ಎಂಜಿನ್ ಹಚ್ಚುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ಗೇರೋ ಪಿಟಿಒವೋ ಹಾಕಿದ್ದಾಗ ಹಚ್ಚಿದವನೇ ಮೊದಲ ಬಲಿ.

ಕಾನೂನು

ಬ್ರಿಟನ್ 1957ರಲ್ಲೇ ಪಿಟಿಒ ಶಾಫ್ಟಿಗೆ ಕವರ್ ಕಡ್ಡಾಯ ಮಾಡುವ ನಿಯಮ ತಂದಿತು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳಲ್ಲಿ 1976ರಲ್ಲಿ ಅದು ಸೇರಿತು. ಭಾರತದಲ್ಲಿ ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಸಂಖ್ಯೆ ಸಂಸತ್ತಿನವರೆಗೆ ಮುಟ್ಟಿ 1983ರಲ್ಲಿ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಕಾಯ್ದೆ ಬಂತು. ಅದರ ಗಮನವೆಲ್ಲ ಒಕ್ಕಣೆ ಯಂತ್ರದ ಮೇಲೆ. ಪಿಟಿಒ ಮೂತಿಯ ಅಳತೆಗಳಿಗೆ ಭಾರತೀಯ ಮಾನಕ 4931 ಇದೆ. ಟ್ರ್ಯಾಕ್ಟರುಗಳ ಪರೀಕ್ಷೆ ಮಧ್ಯಪ್ರದೇಶದ ಬುದ್ನಿಯ ಕೇಂದ್ರೀಯ ಸಂಸ್ಥೆಯಲ್ಲಿ ನಡೆಯುತ್ತದೆ. ದಕ್ಷಿಣದವರಿಗೆ ಹತ್ತಿರದ ತರಬೇತಿ, ಪರೀಕ್ಷಾ ಸಂಸ್ಥೆ ಆಂಧ್ರದ ಅನಂತಪುರ ಬಳಿಯ ಗಾರ್ಲದಿನ್ನೆಯಲ್ಲಿದೆ. ಕವರ್ ಇಲ್ಲದ ಶಾಫ್ಟನ್ನು ಹೊಲದಲ್ಲಿ ತಡೆದು ನಿಲ್ಲಿಸುವ ಅಧಿಕಾರಿಯನ್ನು ಮಾತ್ರ ಯಾರೂ ಕಂಡಂತಿಲ್ಲ.

ಹೊಸ ಶಾಫ್ಟ್ ಅಳೆದು ಕೂರಿಸುವುದು

ಶಾಫ್ಟ್ ಕೊಳ್ಳಲು ಹೋಗುವಾಗ ನಾಲ್ಕು ಸಂಗತಿ ಗೊತ್ತಿರಬೇಕು: ಯಂತ್ರ ಕೇಳುವ ಶಕ್ತಿ, ಎರಡೂ ತುದಿಯ ಹಲ್ಲು, ಪೈಪಿನ ಆಕಾರ, ಮುಚ್ಚಿದಾಗಿನ ಉದ್ದ. ಕೊನೆಯದು ಕ್ರಾಸಿನ ನಡುವಿನಿಂದ ಕ್ರಾಸಿನ ನಡುವಿಗೆ ಅಳೆಯುವಂಥದು. ಹಳೆಯದನ್ನೇ ಅಂಗಡಿಗೆ ಒಯ್ದು ತೋರಿಸುವುದು ನಂಬಿಕಸ್ಥ ದಾರಿ.

ಹೊಸ ಶಾಫ್ಟ್ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಉದ್ದವಿರುತ್ತದೆ, ಕತ್ತರಿಸಿಯೇ ಕೂರಿಸಬೇಕು. ಇಲ್ಲಿ ಆಗುವ ತಪ್ಪು ಎರಡು ಬಗೆ. ಉದ್ದ ಉಳಿದರೆ ಯಂತ್ರ ಎತ್ತಿದಾಗ ಒಳಪೈಪು ಹೊರಪೈಪಿನ ತಳಕ್ಕೆ ಗುದ್ದಿ, ಒಂದು ಕಡೆ ಟ್ರ್ಯಾಕ್ಟರಿನ ಪಿಟಿಒ ಬೇರಿಂಗನ್ನೂ ಇನ್ನೊಂದು ಕಡೆ ಯಂತ್ರದ ಗೇರ್‌ಬಾಕ್ಸನ್ನೂ ನೂಕುತ್ತದೆ. ಪಿಟಿಒ ಸೀಲಿನಲ್ಲಿ ಎಣ್ಣೆ ಜಿನುಗುವುದು ಇದರ ಮೊದಲ ಸುಳಿವು; ಸೀಲು ಬದಲಿಸಿ ಬದಲಿಸಿ ಸೋತವರು ಶಾಫ್ಟಿನ ಉದ್ದವನ್ನು ಅಳೆದಿರುವುದಿಲ್ಲ. ತೀರ ಗಿಡ್ಡವಾದರೆ ಕೆಲಸದ ನಡುವೆ ಎರಡು ಪೈಪು ಕಳಚಿಕೊಂಡು, ಟ್ರ್ಯಾಕ್ಟರಿನ ಕಡೆಯ ಅರ್ಧ ದೊಣ್ಣೆಯಂತೆ ಬೀಸತೊಡಗುತ್ತದೆ. ಚಾಲಕನ ಸೊಂಟ ಅದಕ್ಕೆ ದೂರವಿಲ್ಲ.

ಅಳೆಯುವ ಕ್ರಮ ಹೀಗೆ. ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿ, ಶಾಫ್ಟ್ ಹಾಕದೆ, ಲಿಫ್ಟಿನಲ್ಲಿ ಎತ್ತಿ ಇಳಿಸಿ ಎರಡೂ ಮೂತಿಗಳು ಅತಿ ಹತ್ತಿರ ಬರುವ ಸ್ಥಿತಿ ಕಂಡುಕೊಳ್ಳಬೇಕು. ರೋಟವೇಟರಿನಲ್ಲಿ ಅದು ಸಾಮಾನ್ಯವಾಗಿ ಎರಡೂ ಮೂತಿ ಒಂದೇ ಮಟ್ಟಕ್ಕೆ ಬಂದಾಗ. ಆ ಎತ್ತರದಲ್ಲಿ ಯಂತ್ರದ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು ಎಂಜಿನ್ ನಿಲ್ಲಿಸಬೇಕು, ಲಿಫ್ಟನ್ನು ನಂಬಿ ಕೆಳಗೆ ಕೈ ಹಾಕಬಾರದು. ಶಾಫ್ಟನ್ನು ಎರಡು ಭಾಗವಾಗಿ ಎಳೆದು, ಒಂದನ್ನು ಟ್ರ್ಯಾಕ್ಟರ್ ಮೂತಿಗೂ ಇನ್ನೊಂದನ್ನು ಯಂತ್ರದ ಮೂತಿಗೂ ಲಾಕ್ ಮಾಡಿ, ಎರಡನ್ನೂ ಅಕ್ಕಪಕ್ಕ ಹಿಡಿಯಬೇಕು. ಒಂದರ ಪೈಪಿನ ತುದಿ ಇನ್ನೊಂದರ ಯೋಕಿನ ಬುಡಕ್ಕೆ ಮುಟ್ಟುವ ಮುಂಚೆ ಮೂರು ನಾಲ್ಕು ಸೆಂ.ಮೀ. ಸಂದು ಉಳಿಯುವಂತೆ ಸೀಮೆಸುಣ್ಣದ ಗುರುತು ಹಾಕಬೇಕು. ಆಮೇಲೆ ಅಂತರ ಅತಿ ಹೆಚ್ಚುವ ಸ್ಥಿತಿಗೆ ತಂದು ಇನ್ನೊಮ್ಮೆ ನೋಡಬೇಕು: ಕೆಲಸದಲ್ಲಿರುವಾಗ ಪೈಪುಗಳ ಉದ್ದದ ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಲೇಬೇಕು. ಅಷ್ಟು ಸಿಗದಿದ್ದರೆ ಆ ಶಾಫ್ಟ್ ಆ ಜೋಡಿಗೆ ಹೊಂದುವುದಿಲ್ಲ.

ಒಳಪೈಪು, ಹೊರಪೈಪು, ಎರಡು ಕವರ್ ಕೊಳವೆ, ನಾಲ್ಕನ್ನೂ ಒಂದೇ ಅಳತೆಗೆ ಕತ್ತರಿಸಬೇಕು. ಆಕ್ಸಾ ಬ್ಲೇಡು ನಿಧಾನ, ಆದರೆ ನೇರ ಬರುತ್ತದೆ. ಗ್ರೈಂಡರ್ ಬಳಸಿದರೆ ಪ್ಲಾಸ್ಟಿಕ್ ಕರಗದಂತೆ ಮೊದಲು ಕವರ್ ತೆಗೆದಿಡಬೇಕು. ಕತ್ತರಿಸಿದ ಅಂಚನ್ನು ಒಳಗೂ ಹೊರಗೂ ಅರದಿಂದ ಉಜ್ಜಿ, ಕಬ್ಬಿಣದ ಪುಡಿಯನ್ನು ಬಟ್ಟೆಯಿಂದ ಒರೆಸಿ ತೆಗೆದು, ಒಳಪೈಪಿನ ಪೂರ್ತಿ ಉದ್ದಕ್ಕೆ ಗ್ರೀಸ್ ಬಳಿಯಬೇಕು. ಒಣ ಪೈಪು ಭಾರ ಬಿದ್ದಾಗ ಜಾರದೆ ಕಚ್ಚಿಕೊಳ್ಳುತ್ತದೆ. ಆಗ ಉದ್ದ ಸರಿಯಿದ್ದೂ ಉದ್ದವಾದಂತೆಯೇ ಲೆಕ್ಕ. ಕಿವಿಗಳ ಸಾಲು ನೋಡಿ ಸೇರಿಸಬೇಕು. ಟ್ರ್ಯಾಕ್ಟರ್ ಕಡೆಯದು ಯಾವುದೆಂದು ಕವರಿನ ಮೇಲೆ ಚಿತ್ರವಿರುತ್ತದೆ. ಲಾಕ್ ಪಿನ್ನು ಮೂತಿಯ ಕಾಲುವೆಗೆ ಬಿದ್ದಾಗ ಕಟ್ ಎಂಬ ಸದ್ದು ಬರುತ್ತದೆ. ಅದನ್ನು ಕೇಳಿದ ಮೇಲೂ ಯೋಕನ್ನು ಹಿಂದಕ್ಕೆ ಜಗ್ಗಿ ನೋಡಬೇಕು.

ಬಾಡಿಗೆ ಯಂತ್ರಗಳಲ್ಲಿ ಇದೊಂದು ದೊಡ್ಡ ತಲೆನೋವು. ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ಪಕ್ಕದ ಊರಿನ ಮಾಲೀಕನಿಂದಲೋ ರೋಟವೇಟರ್ ಮಾತ್ರ ತಂದರೆ ಅದರ ಶಾಫ್ಟ್ ಬೇರೆ ಯಾವುದೋ ಟ್ರ್ಯಾಕ್ಟರಿನ ಅಳತೆಗೆ ಕತ್ತರಿಸಿದ್ದಿರುತ್ತದೆ. ಇವತ್ತು ಒಂದು ಗಾಡಿಗೆ, ನಾಳೆ ಇನ್ನೊಂದಕ್ಕೆ. ಅಕ್ಕಪಕ್ಕ ಹಿಡಿದು ನೋಡುವ ಈ ಐದು ನಿಮಿಷದ ಕೆಲಸ ಪ್ರತಿ ಹೊಸ ಜೋಡಿಗೂ ಹೊಸದಾಗಿ ಮಾಡಬೇಕಾದ್ದು.

ಕ್ರಾಸ್ ಬದಲಾವಣೆ

ಅನೇಕ ಸಲ ಇಡೀ ಶಾಫ್ಟ್ ಬದಲಿಸಬೇಕಿಲ್ಲ, ಕ್ರಾಸ್ ಹೋಗಿರುತ್ತದೆ. ಎಂಜಿನ್ ನಿಂತಿರುವಾಗ ಯೋಕ್ ಹಿಡಿದು ಮೇಲೆ ಕೆಳಗೆ ಅಲುಗಿಸಿದರೆ ಆಟ ಗೊತ್ತಾಗುತ್ತದೆ. ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸ್ ಮುಗಿದು ಸೂಜಿಗಳು ಒಣಗಿ ತೇಯುತ್ತಿವೆ ಎಂದರ್ಥ. ಪೇಟೆಯಲ್ಲಿ ಕ್ರಾಸನ್ನು ಎರಡು ಅಂಕಿಯಿಂದ ಕೇಳಬೇಕು: ಕಪ್ಪಿನ ವ್ಯಾಸ, ಎದುರುಬದುರು ಕಪ್ಪುಗಳ ಹೊರತುದಿಗಳ ನಡುವಿನ ಉದ್ದ. 27 × 74.6, 30.2 × 92 ಎಂಬಂಥವು ಇದೇ ಅಳತೆಗಳು, ಮಿಲಿಮೀಟರಿನಲ್ಲಿ. ಕಣ್ಣಂದಾಜಿಗೆ ಒಂದೇ ಕಾಣುವ ಎರಡು ಕ್ರಾಸುಗಳ ನಡುವೆ ಅರ್ಧ ಮಿಲಿಮೀಟರಿನ ವ್ಯತ್ಯಾಸವಿದ್ದರೂ ಕೆಲಸ ಕೆಡುತ್ತದೆ. ಅಳೆಯಲು ವರ್ನಿಯರ್ ಬೇಕು, ಟೇಪು ಸಾಲದು.

ಬಿಚ್ಚುವಾಗ ಸರ್ಕ್ಲಿಪ್ ತೆಗೆದು, ಯೋಕನ್ನು ಬೆಂಚ್ ವೈಸಿನಲ್ಲಿ ಹಿಡಿದು, ಒಂದು ಕಡೆ ಕಪ್ಪಿಗಿಂತ ದೊಡ್ಡ ಬಾಯಿಯ ಸಾಕೆಟ್, ಇನ್ನೊಂದು ಕಡೆ ಕಪ್ಪಿಗಿಂತ ಸಣ್ಣದು ಕೊಟ್ಟು ವೈಸನ್ನೇ ತಿರುಗಿಸಿ ಒತ್ತಿದರೆ ಕಪ್ಪು ಹೊರಗೆ ಬರುತ್ತದೆ. ಸುತ್ತಿಗೆಯಿಂದ ಯೋಕಿನ ಕಿವಿಗೇ ಹೊಡೆದರೆ ಕಿವಿ ಒಳಗೆ ಬಾಗಿ ಹೊಸ ಕ್ರಾಸೂ ಬಿಗಿಯಾಗುತ್ತದೆ. ಹೊಸ ಕಪ್ಪಿನಲ್ಲಿ ಸೂಜಿಗಳು ಗೋಡೆಗೆ ಅಂಟಿ ನಿಂತಿರುವುದು ಗ್ರೀಸಿನ ಹಿಡಿತದಿಂದ ಮಾತ್ರ. ಕ್ರಾಸಿನ ತುದಿಯನ್ನು ಓರೆಯಾಗಿ ತೂರಿಸಿದರೆ ಒಂದು ಸೂಜಿ ಕಳಚಿ ತಳಕ್ಕೆ ಬೀಳುತ್ತದೆ. ಆಗ ಕಪ್ಪು ಇನ್ನೆರಡು ಮಿಲಿಮೀಟರ್ ಒಳಗೆ ಹೋಗದೆ ನಿಂತು, ಸರ್ಕ್ಲಿಪ್ ತನ್ನ ಕಾಲುವೆಗೆ ಕೂರುವುದಿಲ್ಲ. ಅಷ್ಟಾದ ಮೇಲೂ ಹೊಡೆದು ಕೂರಿಸುವ ಪ್ರಯತ್ನ ನಡೆಯುತ್ತದೆ. ಕೂರದಿದ್ದರೆ ಬಿಚ್ಚಿ ತಳ ನೋಡಬೇಕು. ಗ್ರೀಸ್ ನಿಪ್ಪಲ್ ಗನ್ನಿನ ಮೂತಿ ತಲುಪುವ ಕಡೆಗೆ ಇರಲಿ. ಕವರಿನ ಕಿಂಡಿಗೆ ನೇರ ಬಾರದ ನಿಪ್ಪಲ್ಲಿಗೆ ಯಾರೂ ಗ್ರೀಸ್ ಹೊಡೆಯುವುದಿಲ್ಲ, ಇಲ್ಲವೇ ಗ್ರೀಸಿಗಾಗಿ ಕವರನ್ನೇ ಒಡೆಯುತ್ತಾರೆ. ಕವರುಗಳು ಸಾಯುವುದು ಹೆಚ್ಚಾಗಿ ಹೀಗೆಯೇ.

ವೆಲ್ಡಿಂಗ್ ಅಂಗಡಿಯಲ್ಲಿ ಬಾಗಿದ ಪೈಪನ್ನು ನೇರ ಮಾಡಿಸಿ, ಬೇರೆ ಯೋಕ್ ಬೆಸೆಸಿಕೊಂಡು ಬರುವುದು ಅಗ್ಗ. ಹಾಗೆ ಬೆಸೆದದ್ದು ಕಿವಿಯ ಸಾಲಿಗೂ ಬರುವುದಿಲ್ಲ, ನಡುಗೆರೆಗೂ ಬರುವುದಿಲ್ಲ. ಆ ದುಡ್ಡಿಗೆ ಹೊಸ ಕವರ್ ಬರುತ್ತದೆ.

ಎಲ್ಲ ಕೂರಿಸಿದ ಮೇಲೆ ಸರಪಳಿಗಳನ್ನು ಟ್ರ್ಯಾಕ್ಟರಿನ ಮತ್ತು ಯಂತ್ರದ ಕದಲದ ಭಾಗಕ್ಕೆ ಕೊಂಡಿ ಹಾಕಬೇಕು. ತಿರುವಿಗೆ ಬೇಕಾದಷ್ಟು ಸಡಿಲವಿದ್ದರೆ ಸಾಕು, ಶಾಫ್ಟನ್ನು ನೇತುಹಾಕಲು ಅದನ್ನು ಬಳಸಬಾರದು. ಎಂಜಿನ್ ಕಡಿಮೆ ವೇಗದಲ್ಲಿಟ್ಟು ಎರಡು ನಿಮಿಷ ಯಂತ್ರ ಖಾಲಿ ತಿರುಗಲಿ. ಕವರ್ ನಿಂತಿದೆಯೇ, ಸದ್ದು ಸಮನಾಗಿದೆಯೇ ಎಂದು ದೂರದಿಂದ ನೋಡಬೇಕು. ಮುಂದೆ ಪ್ರತಿ ಎಂಟು ಗಂಟೆ ಕೆಲಸಕ್ಕೊಮ್ಮೆ ಕ್ರಾಸಿಗೂ ಪೈಪಿಗೂ ಕವರಿನ ಬಳೆಗೂ ಗ್ರೀಸ್. ಮೊದಲ ದಿನ ಮಾತ್ರ ಒಂದು ಗಂಟೆ ಉತ್ತ ಮೇಲೆ ಗಾಡಿ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಶಾಫ್ಟ್ ನಿಂತಮೇಲೆ ಕಪ್ಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಬೇಕು. ಎಲ್ಲವೂ ಒಂದೇ ಹದಕ್ಕೆ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕೈ ಸುಡುವಂತಿದ್ದರೆ ಅದರೊಳಗೆ ಸೂಜಿ ಬಿದ್ದಿದೆ ಅಥವಾ ಗ್ರೀಸ್ ಮುಟ್ಟಿಲ್ಲ, ಮತ್ತೆ ಬಿಚ್ಚಬೇಕು.